ನೂರೆಂಟು

ಶಿವರಾತ್ರಿ ಕಳೆದು ಒಂಬತ್ತು ದಿನ.
ಶಿವಶಿವಾ ಅನ್ನುತ್ತ ಹೊರಟ ಚಳಿ
ಏನೋ ಮರೆತವರ ಹಾಗೆ ಹಾಸನಕ್ಕೆ ಹಿಂದಿರುಗಿ
ಸ್ಕೂಟರು ಹಿಡಿದ ಬೆರಳ ಗೆಣ್ಣಿನ ಮೇಲೆ ಕೂತಿದೆ.
ರಾತ್ರಿಪಾಳಿ ಮುಗಿಸಿ, ಮುಖಕ್ಕೆ ನೀರು ಸೋಕಿಸಿ,
ಬಿಳಿ ಸಮವಸ್ತ್ರದ ಮೇಲೇ ಸ್ವೆಟರು ಏರಿಸಿ
ನಾನೂ ಎಕ್ಸ್‌ರೇ ರೂಮಿನ ಜುಲೇಖಾಳೂ
ಗೆಂಡೆಕಟ್ಟೆ ಕಾಡಿಗೆ.

ಇಬ್ಬರಿಗೂ ಒಂದೇ ದುರ್ಬೀನು,
ಕಣ್ಣಿನ ಡಾಕ್ಟರು ಕೊಟ್ಟದ್ದು. ಬಲಗಾಜಿಗೆ ಬೂಷ್ಟು.
‘ಅವರದಕ್ಕೇ ಪೊರೆ ಬಂದಿದೆಯಲ್ಲೇ!’
ಎಡಗಣ್ಣಲ್ಲಿ ನೋಡಬೇಕು,
ಬಲಗಣ್ಣಲ್ಲಿ ನಂಬಬೇಕು.

ಗೇಟಿನ ಜವರಯ್ಯ ಬೀಡಿ ಆರಿಸಿದ.
‘ನವರಂಗಾನಾ? ನೆನ್ನೆ ಇತ್ತು ಕಣವ್ವ,
ದಿಣ್ಣೆ ಹಿಂದೆ ಎಲೆ ಕೆದರ್ತಿತ್ತು.
ಬಡಗಲಿಗೆ ಹೋಗೋ ಕಾಲ. ಹೇಳ್ದೆ ಹೋಯ್ತದೆ.’

ಮಂಜು ಇನ್ನೂ ಮೊಣಕಾಲೆತ್ತರ.
ಹೊಂಗೆಯ ಚಿಗುರು ಈಗಷ್ಟೇ ಹೆತ್ತ ಕೂಸಿನ ಹಾಗೆ
ಸುಕ್ಕುಸುಕ್ಕು, ಅಂಟಂಟು;
ಒರೆಸಲು ಕೈ ಹೋಯಿತು, ಹಿಂದಕ್ಕೆ ತಂದೆ.
ಎಲೆ ಕಳಚಿದ ಬೂರುಗದೆದುರು ಜುಲೇಖಾ ನಿಂತೇಬಿಟ್ಟಳು.
‘ಉಸಿರು ಎಳಕೊಳ್ಳಿ… ಹಿಡಕೊಳ್ಳಿ…’
ಅಂದಳು ಮರಕ್ಕೆ.
ಮರ ಹಿಡಕೊಂಡಿತು.
ಪಕ್ಕೆಲುಬುಗಳ ನಡುವೆ ಕಪ್ಪಗೆ ಒಂದು ಹಳೇ ಗೂಡು,
ಕೆಂಪು ಹೂಗಳಲ್ಲಿ ತಲೆಹೂತ ಮೈನಾ, ಎರಡು ಕಾಜಾಣ,
ಹೆಸರು ಹೇಳುವಷ್ಟರಲ್ಲಿ ಬೇರೆ ಟೊಂಗೆಗೆ ಹೋದ ಸೂರಕ್ಕಿ.

ಔಷಧಿ ಕಂಪನಿಯ ಬಿಟ್ಟಿ ಡೈರಿಗೆ ಗೀಟು ಎಳೆದು
ವಾರ್ಡಿನ ಹಾಗೆಯೇ ಕಲಮು ಮಾಡಿದ್ದೇವೆ:
ಹೊತ್ತು, ಹೆಸರು, ಎಷ್ಟು, ಸ್ಥಿತಿ.
ಕಟ್ಟೆಯ ಅಂಚಲ್ಲಿ ಕುಂಡೆಕುಸ್ಕ,
ಬಾಲ ಕುಣಿಸಿದ್ದೇ ಕುಣಿಸಿದ್ದು.
ಹೆಸರು ಬರೆಯಲು ನಾಚಿ ಜುಲೇಖಾ ‘ಸಿಪಿಲೆ’ ಎಂದು ಬರೆದಳು.
ಸ್ಥಿತಿ: ಉತ್ತಮ.

ಆಗ ಎಲ್ಲೋ ಎತ್ತರದಲ್ಲಿ ಕಂಚುಗಾರ ಹಕ್ಕಿ
ಕೆಲಸ ಶುರುಮಾಡಿತು.
ಕುಟ್ ಕುಟ್ ಕುಟ್ ಕುಟ್,
ತಗ್ಗದೆ, ಏರದೆ, ಒಂದೇ ಅಳತೆ.
ನನ್ನ ಕೈ ತಾನಾಗಿ ವಾಚು ತಿರುಗಿಸಿಕೊಂಡಿತು.
ಹದಿನೈದು ಸೆಕೆಂಡಿಗೆ ಇಪ್ಪತ್ತೇಳು.
ನಾಲ್ಕರಿಂದ ಗುಣಿಸು.
‘ನೂರೆಂಟು!’ ಅಂದೆ.
‘ಆಂಬುಲೆನ್ಸ್ ನಂಬರೇ ಬಂತು’ ಅಂತ ನಕ್ಕಳು.
ನಾನೂ ನಕ್ಕೆ, ಎಣಿಸುವುದು ಮಾತ್ರ ಬಿಡಲಿಲ್ಲ.

ರಾತ್ರಿಯಿಡೀ ಏಳನೇ ಹಾಸಿಗೆಯ ಮಾನಿಟರು
ಇದೇ ದನಿಯಲ್ಲಿ ಮಾತಾಡಿತ್ತು.
ಆಕೆ ಆಲೂರಿನ ಕಡೆಯವರು, ಬಳೆ ತೆಗೆಯಲು ಒಪ್ಪಿರಲಿಲ್ಲ,
ಹತ್ತಿಯ ಪಟ್ಟಿ ಸುತ್ತಿ ಹಾಗೇ ಬಿಟ್ಟಿದ್ದೆ.
ಮೂರೂ ನಲವತ್ತು, ಅಂತ ರಿಜಿಸ್ಟರಿನಲ್ಲಿ ಬರೆದೆ.
ಅಲ್ಲಿ ಜಾಗ ಇರುವುದೂ ಅಷ್ಟಕ್ಕೇ.

ಕುಟ್ ಕುಟ್ ಕುಟ್—
ನಿಂತಿತು.
ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು.
ನಾನು ವಾಚಿನಿಂದ ಕಣ್ಣು ತೆಗೆದಿರಲಿಲ್ಲ.
‘ಹಾರಿಹೋಯ್ತು ಕಣೆ’ ಅಂದಳು ಜುಲೇಖಾ,
ದುರ್ಬೀನು ಇಳಿಸುತ್ತ. ‘ಹಾರಿದ್ದು ನೋಡಿದೆ.
ಎದೆ ಮೇಲೆ ಇಷ್ಟು ಕೆಂಪು.’
ಹೆಬ್ಬೆರಳ ಉಗುರು ತೋರಿಸಿದಳು.

ದಿಣ್ಣೆಯ ಹಿಂದೆ ನವರಂಗ ಇರಲಿಲ್ಲ.
ಮಗುಚಿದ ತರಗೆಲೆಗಳಿದ್ದವು,
ಕಪ್ಪು ಒದ್ದೆ ಹೊಟ್ಟೆ ಮೇಲೆ ಮಾಡಿಕೊಂಡು.
ಬಿಸಿಲು ಇನ್ನೂ ಅವನ್ನು ಒಣಗಿಸಿರಲಿಲ್ಲ;
ನಾವು ಗೇಟಿನಲ್ಲಿ ಜವರಯ್ಯನ ಮಾತು ಕೇಳುತ್ತಿದ್ದಾಗ
ಇಲ್ಲೇ ಇದ್ದಿರಬೇಕು.
ಹೆಸರು ಬರೆದಳು. ಎಷ್ಟು ಎಂಬಲ್ಲಿ ಸೊನ್ನೆ ಹಾಕಿ, ಹೊಡೆದು,
ಸ್ಥಿತಿಯ ಕಲಮಿನಲ್ಲಿ ಬರೆದಳು: ಡಿಸ್ಚಾರ್ಜ್.

ಉಪ್ಪಿಟ್ಟಿಗೆ ನಿಲ್ಲದೆ ಮನೆಗೆ ಬಂದೆ.
ಸಮವಸ್ತ್ರ ನೆನೆಹಾಕುವ ಮೊದಲು
ಬಚ್ಚಲ ಕಟ್ಟೆಯ ಮೇಲೆ ಕೂತು
ಅಂಚಿಗೆ ಹತ್ತಿದ ಅಂಟುಪುರಲೆ ಬೀಜಗಳನ್ನು
ಒಂದೊಂದಾಗಿ ಬಿಡಿಸಿದೆ.
ಎಣಿಸಲಿಲ್ಲ.